ವಲಸೆ ಹೋಗುವ ಚಿಟ್ಟೆಗಳು: ಕಲಬುರಗಿ, ಕಮಲಾಪುರ ಸೀಮೆಯವರಿಗೆ ವಸಂತಕಾಲದ ಒಂದು ಪಾಠ

ಹಕ್ಕಿಗಳು ಕಾಲವನ್ನು ತಿಳಿದು ದೇಶದಿಂದ ದೇಶಕ್ಕೆ ಹೋಗಿಬರುವವೆಂಬದು ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಬಲ್ಲ ಮಾತು. ಚಳಿಗಾಲದಲ್ಲಿ ಕೆರೆಗೆ ಬಂದಿಳಿದ ಬಾತುಗಳು ಬಿಸಿಲೇರಿದ ಕೂಡಲೆ ಕಾಣದೆ ಹೋಗುವದನ್ನು ಕುರಿ ಕಾಯುವ ಹುಡುಗನೂ ನೋಡಿರುತ್ತಾನೆ. ಆದರೆ ಒಣಗಿದ ಎಲೆಗಿಂತ ಹಗುರವಾದ, ಗಾಳಿ ಊದಿದರೆ ತೂರಿಹೋಗುವಂತೆ ತೋರುವ ಚಿಟ್ಟೆಯೂ ನೂರಾರು ಮೈಲು ದಾರಿ ನಡೆಯುವ ಪ್ರಯಾಣಿಕನೆಂದು ಹೇಳಿದರೆ ಅನೇಕರು ನಗುವರು. ಹಾಗಾದರೂ ಸಂಗತಿಯು ನಿಜ. ನಮ್ಮ ಉತ್ತರ ಸೀಮೆಯವರು ಪಾತರಗಿತ್ತಿ ಎಂದು ಕರೆಯುವ ಈ ಪ್ರಾಣಿಯ ಪ್ರಯಾಣವನ್ನು ಕುರಿತು ಪ್ರಿಯ ವಾಚಕರಿಗೆ ಈ ತಿಂಗಳು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ. ಇದು ಓದಿ ಮಡಚಿಡುವದಕ್ಕಾಗಿ ಬರೆದ ಪಾಠವಲ್ಲ. ಹೊಲಕ್ಕೆ ಹೋಗಿ ಕಣ್ಣಾರೆ ನೋಡಿ ತಿಳಿಯತಕ್ಕ ಪಾಠವಾಗಿದೆ. ಮತ್ತು ಇದರ ಕೊನೆಯಲ್ಲಿ ಒಕ್ಕಲಿಗರು ಆಲೋಚಿಸಿ ನಿರ್ಣಯ ಮಾಡತಕ್ಕ ಒಂದು ಕಾರ್ಯವೂ ಉಂಟು.

೧. ವಲಸೆ ಅಂದರೇನು?

ಚಿಟ್ಟೆಯು ದಿನವೆಲ್ಲಾ ಹಾರಾಡುವದು. ಆದರೆ ಹಾರಾಟವೆಲ್ಲಾ ವಲಸೆಯಲ್ಲ. ಹೂವಿನಿಂದ ಹೂವಿಗೆ ಹೋಗುವ ಚಿಟ್ಟೆ ಅತ್ತಿತ್ತ ತಿರುಗುತ್ತದೆ, ಇಳಿಯುತ್ತದೆ, ಏಳುತ್ತದೆ, ಹೋದ ಕಡೆಗೇ ಹಿಂದಿರುಗುತ್ತದೆ. ವಲಸೆಯ ಚಿಟ್ಟೆಯ ನಡತೆ ಬೇರೆ. ಅದು ಒಂದು ದಿಕ್ಕನ್ನು ಹಿಡಿದು ಹೋಗುತ್ತದೆ. ದಾರಿಯಲ್ಲಿ ಮನೆ ಅಡ್ಡವಾದರೆ ಪಕ್ಕಕ್ಕೆ ಸರಿಯದೆ ಮೇಲೇರಿ ದಾಟಿ, ಆಚೆಗೆ ಇಳಿದು, ಮೊದಲಿನ ದಿಕ್ಕಿಗೇ ಸಾಗುತ್ತದೆ. ಅದರ ಹಿಂದೆ ಬರುವದೂ ಹಾಗೆಯೇ ಮಾಡುತ್ತದೆ. ಸಂತೆಗೆ ಬಂದವನು ಅಂಗಡಿಯಿಂದ ಅಂಗಡಿಗೆ ಅಲೆಯುವದಕ್ಕೂ, ಊರಿಗೆ ಹೋಗುವವನು ಹೆದ್ದಾರಿ ಹಿಡಿದು ನಡೆಯುವದಕ್ಕೂ ಎಷ್ಟು ಭೇದವೋ ಇಲ್ಲಿಯೂ ಅಷ್ಟೇ ಭೇದವಿದೆ. ಆದದರಿಂದ ಮೊದಲನೆಯ ಸೂತ್ರವೇನಂದರೆ: ಚಿಟ್ಟೆಯ ಬಣ್ಣವನ್ನು ನೋಡುವದಕ್ಕೆ ಮುಂಚೆ ಅದರ ದಾರಿಯನ್ನು ನೋಡಬೇಕು.

೨. ಎಲ್ಲಿಂದ ಹೊರಡುತ್ತವೆ, ಯಾತಕ್ಕೆ ಹೊರಡುತ್ತವೆ?

ದಕ್ಷಿಣ ಹಿಂದುಸ್ಥಾನದಲ್ಲಿ ಅತಿ ದೊಡ್ಡ ಹಿಂಡುಗಳಾಗಿ ವಲಸೆ ಹೋಗುವವು ನಾಲ್ಕು ಜಾತಿಯವು: ನೀಲಿ ಹುಲಿ, ಕಡುನೀಲಿ ಹುಲಿ, ಸಾಮಾನ್ಯ ಕಾಗೆಚಿಟ್ಟೆ, ಜೋಡಿಪಟ್ಟೆಯ ಕಾಗೆಚಿಟ್ಟೆ. ಇವು ಮುಂಗಾರು ಮಳೆಗೆ ಮುಂಚೆ, ಏಪ್ರಿಲಿನಿಂದ ಜೂನಿನ ವರೆಗೆ, ಸಹ್ಯಾದ್ರಿಯ ಕಾಡುಗಳನ್ನು ಬಿಟ್ಟು ಮೂಡಲ ಬಯಲಿಗೂ ಪೂರ್ವಘಟ್ಟಗಳಿಗೂ ಹೋಗುತ್ತವೆ. ಮಳೆಗಾಲ ಕಳೆದು ಅಕ್ಟೋಬರು, ನವೆಂಬರು ಬಂದಾಗ ಪಡುವಲಿಗೆ ತಿರುಗುವ ಹಿಂಡುಗಳು ಕಾಣಬರುತ್ತವೆ. ಈ ಸಂಗತಿಯನ್ನು ಕೃಷ್ಣಮೇಘ ಕುಂಟೆ ಎಂಬ ವಿದ್ವಾಂಸರು ಪರಿಶೋಧಿಸಿ ೨೦೦೫ರಲ್ಲಿ ಮುಂಬಯಿ ಪ್ರಕೃತಿವಿಜ್ಞಾನ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಸಂಘವು ೧೮೮೩ರಲ್ಲಿ ಸ್ಥಾಪಿತವಾದದ್ದು.

ಹೊರಡುವದಕ್ಕೆ ಕಾರಣವು ಮಳೆಯೇ. ಘಟ್ಟದ ಮೇಲಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವದು. ಕಲಬುರಗಿಯಲ್ಲಿ ಬೀಳುವದು ಸುಮಾರು ೭೫೦ ಮಿಲಿಮೀಟರು. ವಾರಗಟ್ಟಲೆ ಬಿಸಿಲು ಕಾಣದ ಜಡಿಮಳೆಯಲ್ಲಿ ಚಿಟ್ಟೆ ಬಾಳಲಾರದು; ಯಾಕಂದರೆ ಅದರ ಮೈಯಲ್ಲಿ ಸ್ವಂತ ಕಾವು ಸಾಲದು, ಬಿಸಿಲಿಗೆ ರೆಕ್ಕೆ ಹರಡಿ ಕಾವು ಪಡೆದ ಮೇಲೆಯೇ ಅದು ಹಾರಬಲ್ಲದು. ಬಯಲುಸೀಮೆಯಲ್ಲಿಯಾದರೋ ಮಳೆ ಹಿತವಾಗಿ ಬೀಳುವದು, ನಡುನಡುವೆ ಬಿಸಿಲೂ ಬರುವದು, ಎಳೆ ಎಲೆಗಳೂ ಚಿಗುರುವವು. ಹೀಗಿರಲಾಗಿ ಚಿಟ್ಟೆಯು ಮಳೆಯ ಮುಂದೆ ಮುಂದೆ ಓಡುತ್ತದೆಂದು ಹೇಳಿದರೆ ತಪ್ಪಾಗದು. ಘಟ್ಟದ ಶಿಖರದಿಂದ ನಮ್ಮ ಕಲಬುರಗಿಗೆ ನೇರವಾದ ದಾರಿಯಲ್ಲಿ ಸುಮಾರು ೩೦೦ ಕಿಲೋಮೀಟರಿದೆ.

ದಾರಿಯಲ್ಲಿರುವ ಹುಲಿಜಾತಿಯ ಹೆಣ್ಣುಗಳನ್ನು ಪರೀಕ್ಷಿಸಿ ನೋಡಿದಾಗ ಅವುಗಳಲ್ಲಿ ಬಹಳವಾದವುಗಳ ಹೊಟ್ಟೆಯಲ್ಲಿ ಬಲಿತ ಮೊಟ್ಟೆಗಳೇ ಇರುವದಿಲ್ಲ. ಪ್ರಯಾಣಕ್ಕೂ ಸಂತಾನಕ್ಕೂ ಎರಡಕ್ಕೂ ಸಾಲುವಷ್ಟು ಶಕ್ತಿ ಒಂದೇ ಕಾಲದಲ್ಲಿ ಇಲ್ಲದ ಕಾರಣ, ಅವು ಮೊದಲು ದಾರಿಯನ್ನು ಮುಗಿಸಿ ಆಮೇಲೆ ಮೊಟ್ಟೆ ಬೆಳೆಸುತ್ತವೆ. ಹೀಗೆ ಬಯಲಿನಲ್ಲಿ ಹುಟ್ಟಿದ ಮರಿಗಳ ಸಂತತಿಯೇ ಮುಂದೆ ಘಟ್ಟದ ಕಡೆಗೆ ತಿರುಗುತ್ತದೆ. ತಾಯಿ ಬಂದ ದಾರಿಯನ್ನು ಮಗಳು ಕಂಡವಳಲ್ಲ; ಕಲಿಸಿದವರೂ ಯಾರೂ ಇಲ್ಲ; ಹಾಗಾದರೂ ದಿಕ್ಕು ತಪ್ಪುವದಿಲ್ಲ.

೩. ವಸಂತಕಾಲದಲ್ಲಿ ನೋಡತಕ್ಕವು

ಶಿವರಾತ್ರಿಯಿಂದ ಯುಗಾದಿಯ ವರೆಗಿನ ದಿನಗಳಲ್ಲಿ ಆಕಾಶ ತುಂಬಿದ ಹಿಂಡನ್ನು ಕಾಣುವೆವೆಂದು ಯಾರೂ ಹೊರಡಬಾರದು. ದೊಡ್ಡ ಪ್ರವಾಹವು ಬರುವದು ಬೇಸಿಗೆಯ ಕೊನೆಗೆ. ಹಾಗಾದರೆ ಈಗ ಹೊರಡುವದೇಕೆ? ದಂಡು ಬರುವದಕ್ಕೆ ಮುಂಚೆ ದಂಡಾಳುಗಳ ಮುಖವನ್ನು ಗುರುತು ಹಿಡಿಯುವದಕ್ಕೋಸ್ಕರವೇ. ಈಗ ಚಿಟ್ಟೆಗಳು ಕಡಿಮೆ, ಹೂವುಗಳೂ ಕಡಿಮೆ. ಆದದರಿಂದ ಇದ್ದಲ್ಲಿ ನಿಧಾನವಾಗಿ ನೋಡಬಹುದು. ಮೇ ತಿಂಗಳ ಬಿಸಿಲಿನಲ್ಲಿ ತಲೆಯ ಮೇಲೆ ಸರಸರನೆ ಹಾಯುವಾಗ ಗುರುತು ಕಲಿಯುವದಕ್ಕೆ ಆಗದು. ಈಗ ಕಲಿಯತಕ್ಕ ಮುಖಗಳು ಐದು:

ಒಂದನೆಯದು ನೀಲಿ ಹುಲಿ. ಕಪ್ಪಾದ ರೆಕ್ಕೆಯ ಮೇಲೆ ತಿಳಿನೀಲಿಯ ಗೆರೆಗಳೂ ಚುಕ್ಕೆಗಳೂ ಇರುವವು. ರೆಕ್ಕೆ ಹರಡಿದರೆ ನಾಲ್ಕು ಬೆರಳಿನ ಅಗಲಕ್ಕಿಂತ ಹೆಚ್ಚು. ಇದರ ಅಣ್ಣತಮ್ಮನಾದ ಕಡುನೀಲಿ ಹುಲಿಯ ರೆಕ್ಕೆ ಇನ್ನೂ ಕಪ್ಪು, ಗೆರೆಗಳು ಇನ್ನೂ ಸಣ್ಣವು.

ಎರಡನೆಯದು ಕಾಗೆಚಿಟ್ಟೆ. ಕಾಫಿ ಬೀಜದಂತೆ ಕರಿಗಂದು ಬಣ್ಣ; ರೆಕ್ಕೆಯ ಅಂಚಿನಲ್ಲಿ ಬಿಳಿ ಚುಕ್ಕೆಗಳ ಸಾಲು. ಇದರ ಹುಳುವು ಕಣಗಿಲ, ಆಲ, ಅತ್ತಿ ಮುಂತಾದವುಗಳ ಎಲೆಯನ್ನು ತಿನ್ನುತ್ತದೆ. ಗೂಡಾದಾಗ ಅದು ಬೆಳ್ಳಿಬಂಗಾರದ ತಗಡಿನಂತೆ ಹೊಳೆಯುವದು. ಕಣಗಿಲದ ಎಲೆಯ ಅಡಿಯಲ್ಲಿ ಹುಡುಕಿದ ಮಕ್ಕಳು ಇದನ್ನು ಕಂಡು ಬೆರಗಾಗುವರು.

ಮೂರನೆಯದು ಸಾದಾ ಹುಲಿ. ಕಾವಿ ಬಣ್ಣದ ರೆಕ್ಕೆ, ಕಪ್ಪು ತುದಿ, ತುದಿಯಲ್ಲಿ ಬಿಳಿ ಪಟ್ಟಿ. ಎಕ್ಕೆಯ ಗಿಡವಿದ್ದಲ್ಲಿ ಇದು ಉಂಟೆಂದು ತಿಳಿಯಬಹುದು. ಇದರ ಹುಳುವು ಎಕ್ಕೆಯ ಹಾಲಿನಲ್ಲಿರುವ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುವದರಿಂದ ಚಿಟ್ಟೆಯಾದ ಮೇಲೆಯೂ ಹಕ್ಕಿಗೆ ಕಹಿಯಾಗಿರುವದು. ಆದದರಿಂದಲೇ ಇದು ಯಾರಿಗೂ ಹೆದರದೆ ಮೆಲ್ಲಗೆ ಹಾರುತ್ತದೆ. ಇದರ ವೇಷವನ್ನು ಹಾಕಿಕೊಂಡ ಬೇರೊಂದು ಚಿಟ್ಟೆಯೂ ಇದೆ. ಡಾನೈಡ್ ಎಗ್‌ಫ್ಲೈ ಎಂದು ಅದರ ಹೆಸರು. ಅದರಲ್ಲಿ ಹೆಣ್ಣು ಮಾತ್ರ ಈ ವೇಷವನ್ನು ಧರಿಸುತ್ತದೆ. ವಿಷವಿಲ್ಲದಿದ್ದರೂ ಕಹಿಯಾದದರ ಬಣ್ಣದಿಂದ ಬದುಕಿಕೊಳ್ಳುತ್ತದೆ.

ನಾಲ್ಕನೆಯದು ವಲಸೆಗಾರ ಚಿಟ್ಟೆ. ಇಂಗ್ಲಿಷಿನಲ್ಲಿ ಇದಕ್ಕೆ ಎಮಿಗ್ರಂಟ್ ಎಂದೇ ಹೆಸರಿಟ್ಟಿದ್ದಾರೆ. ತಿಳಿಹಳದಿ, ಇಲ್ಲವೆ ಹಸುರು ಬೆರೆತ ಬಿಳಿ ಬಣ್ಣ. ಬಹಳ ವೇಗ, ಹೂವಿನ ಮೇಲೆ ಕುಳಿತದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಹೊಲ ದಾಟಿರುವದು. ಹಾದಿಯ ಬದಿಯ ತಂಗಡಿ ಗಿಡ, ಕಕ್ಕೆಯ ಮರ, ಇವುಗಳ ಎಳೆ ಎಲೆಯೇ ಇದರ ಹುಳುವಿನ ಆಹಾರ.

ಐದನೆಯದು ಪೇಂಟೆಡ್ ಲೇಡಿ ಎಂಬ ಚಿತ್ರದ ಚಿಟ್ಟೆ. ಇದು ಮೇಲಿನವುಗಳಿಗಿಂತ ಚಿಕ್ಕದು. ಕಿತ್ತಳೆ ಬಣ್ಣದ ಮೇಲೆ ಕಪ್ಪು ಕಲೆಗಳು, ಕಪ್ಪಾದ ರೆಕ್ಕೆತುದಿಯಲ್ಲಿ ಬಿಳಿ ಚುಕ್ಕೆಗಳು. ಹಿಂದಿನ ರೆಕ್ಕೆಯ ಕೆಳಮೈಯಲ್ಲಿ ಕಣ್ಣಿನಂಥ ಗುರುತುಗಳ ಸಾಲು. ಲೋಕದ ಚಿಟ್ಟೆಗಳಲ್ಲೆಲ್ಲಾ ಅತಿ ವಿಸ್ತಾರವಾಗಿ ಹರಡಿದವುಗಳಲ್ಲಿ ಇದೊಂದು. ನಮ್ಮ ಸೀಮೆಯ ಬರಿದಾದ ಬಯಲಿನಲ್ಲಿ ನೆಲಕ್ಕೆ ಹತ್ತಿ ಕುಳಿತು ಬಿಸಿಲು ಕಾಯುವದುಂಟು.

ನಿಂಬೆಯ ಗಿಡದ ಸುತ್ತಲೂ ಹಾರುವ ಹಳದಿ ಕಪ್ಪು ಚುಕ್ಕೆಯ ದೊಡ್ಡ ಚಿಟ್ಟೆಯನ್ನು ನಮ್ಮ ಜನರು ಚೆನ್ನಾಗಿ ಬಲ್ಲರು. ಅದು ತನ್ನ ಹುಳುವಿಗೆ ಎಲೆ ಹುಡುಕುತ್ತಾ ನಿಂಬೆಯ ಬಳಿಯಲ್ಲಿಯೇ ಸುತ್ತುತ್ತಿರುವದರಿಂದ ಅದನ್ನು ಈ ಲೆಕ್ಕಕ್ಕೆ ಸೇರಿಸಬಾರದು.

೪. ಸ್ಥಳವೂ ಹೊತ್ತೂ

ಪಟ್ಟಣದವರು ದೂರ ಹೋಗಬೇಕಾದದ್ದಿಲ್ಲ. ಕಲಬುರಗಿಯಲ್ಲಿ ಅಪ್ಪನ ಕೆರೆಯ ದಂಡೆ, ಬಹಮನಿ ಸುಲ್ತಾನರ ಕಾಲದ ಕೋಟೆಯ ಹಾಳುಬಿದ್ದ ಬಯಲು, ಸೇಡಂ ದಾರಿಯಲ್ಲಿರುವ ವಿಶ್ವವಿದ್ಯಾಲಯದ ಅಂಗಳ, ಇವೆಲ್ಲಾ ತಕ್ಕ ಸ್ಥಳಗಳು. ಕೋಟೆಯಂಥಾ ತೆರೆದ ಎತ್ತರದಲ್ಲಿ ನಿಂತರೆ ನಾಲ್ಕು ದಿಕ್ಕೂ ಕಾಣುವದರಿಂದ ಹಾದುಹೋಗುವ ಚಿಟ್ಟೆಯ ದಾರಿಯನ್ನು ದೂರದ ತನಕ ಹಿಂಬಾಲಿಸಬಹುದು.

ಹುಮನಾಬಾದಿನ ಹೆದ್ದಾರಿಯನ್ನು ಹಿಡಿದು ಈಶಾನ್ಯಕ್ಕೆ ಹೋದರೆ ಕುರಿಕೋಟೆಯ ಬಳಿ ಬೆಣ್ಣೆತೊರೆ ಹೊಳೆ ಸಿಕ್ಕುವದು. ಬಿಸಿಲಿಗೆ ನೀರು ಇಳಿದು ಮಣ್ಣು ಹಸಿಯಾಗಿರುವ ಅಂಚಿನಲ್ಲಿ ಚಿಟ್ಟೆಗಳು ಗುಂಪಾಗಿ ಕುಳಿತು ಕೆಸರನ್ನು ಹೀರುವದನ್ನು ನೋಡಬಹುದು. ಹೀಗೆ ಹೀರುವವು ಬಹುಮಟ್ಟಿಗೆ ಗಂಡುಗಳು. ಹೂವಿನ ರಸದಲ್ಲಿ ಸಿಕ್ಕದ ಉಪ್ಪಿನ ಅಂಶಗಳನ್ನು ಅವು ಕೆಸರಿನಿಂದ ಪಡೆಯುತ್ತವೆ. ಅಲ್ಲಿಂದ ಮುಂದೆ ಕಮಲಾಪುರ. ಅಲ್ಲಿಯ ಕೆಂಪು ಬಾಳೆಯ ಹೆಸರು ನಾಡೆಲ್ಲಾ ಬಲ್ಲದ್ದು. ಭೌಗೋಳಿಕ ಗುರುತನ್ನೂ ಅದು ಪಡೆದಿದೆ. ಸುತ್ತಲಿನ ಬಯಲು ಒಣಗಿ ಬಿರುಕುಬಿಟ್ಟಾಗಲೂ ಬಾಳೆಯ ತೋಟದಲ್ಲಿ ನೆರಳೂ ತಂಪೂ ಇರುವವು. ಕಾಗೆಚಿಟ್ಟೆಗಳೂ ನೀಲಿ ಹುಲಿಗಳೂ ಉರಿಬಿಸಿಲಿನ ಹೊತ್ತಿನಲ್ಲಿ ಆಶ್ರಯಿಸುವದು ಇಂಥಾ ನೆರಳನ್ನೇ. ಇನ್ನೂ ಮೂಡಲಿಗೆ ಚಿಂಚೋಳಿಯ ಕಾಡಿದೆ. ೧೩೪ ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚಾದ ಆ ಕಾಡನ್ನು ೨೦೧೧ರಲ್ಲಿ ಸರಕಾರವು ವನ್ಯಜೀವಿಧಾಮವೆಂದು ಸಾರಿತು. ಬಯಲಿನ ನಡುವೆ ಅದು ದಾರಿಗರಿಗೆ ಛತ್ರದ ಹಾಗಿದೆ.

ಹೊತ್ತಿನ ವಿಷಯದಲ್ಲಿ ಹೇಳತಕ್ಕದ್ದೇನಂದರೆ, ಬೆಳಗಿನ ಜಾವದಲ್ಲಿ ಹೋಗುವದು ವ್ಯರ್ಥ. ಬಿಸಿಲು ಮೈಗೆ ತಗಲಿದ ಮೇಲೆ, ಎಂಟು ಗಂಟೆಯಿಂದ ಹನ್ನೊಂದರ ತನಕ ನೋಡಬೇಕು. ನಡುಮಧ್ಯಾಹ್ನದಲ್ಲಿ ನೋಡುವವನೂ ನೋಡಲ್ಪಡುವದೂ ಎರಡೂ ನೆರಳನ್ನು ಹುಡುಕುವವು.

ಚಿಟ್ಟೆಯನ್ನು ಹತ್ತಿರಕ್ಕೆ ಕರೆಯುವ ಒಂದು ಉಪಾಯವನ್ನೂ ಹೇಳುವೆವು. ಕಾಯಿ ಒಣಗಿದಾಗ ಗೆಜ್ಜೆಯಂತೆ ಗಿಲಗಿಲನೆ ಸದ್ದು ಮಾಡುವ ಸೆಣಬಿನ ಜಾತಿಯ ಗಿಡಗಳು, ಹೂವಿನ ತೆನೆ ಚೇಳಿನ ಬಾಲದಂತೆ ಸುರುಳಿಯಾಗಿರುವ ಗಿಡ, ಇವುಗಳನ್ನು ನಮ್ಮ ಜನರು ನೋಡಿರುವರು. ಇವುಗಳ ಬಾಡಿದ ಕಟ್ಟೊಂದನ್ನು ಬೇಲಿಗೆ ತೂಗಹಾಕಿದರೆ ಹುಲಿಜಾತಿಯ ಮತ್ತು ಕಾಗೆಜಾತಿಯ ಗಂಡು ಚಿಟ್ಟೆಗಳು ಬಂದು ಮುತ್ತಿಕೊಂಡು ಹೀರುವದುಂಟು. ಅವು ಜೇನನ್ನು ಅಲ್ಲ, ಆ ಗಿಡದ ಕಹಿಸಾರವನ್ನು ಬಯಸಿ ಬರುವವು. ಅದರಿಂದಲೇ ಹೆಣ್ಣನ್ನು ಒಲಿಸುವ ಸುವಾಸನೆಯನ್ನು ಅವು ಮೈಯಲ್ಲಿ ಉಂಟುಮಾಡಿಕೊಳ್ಳುತ್ತವೆ.

೫. ಲೆಕ್ಕವಿಡುವ ಕ್ರಮ

ಕಂಡೆವೆಂದು ಹೇಳುವದು ಸುಲಭ, ಲೆಕ್ಕವಿಡುವದೇ ವಿದ್ಯೆ. ಇದಕ್ಕೆ ಹಣ ಬೇಡ, ಬಲೆಯೂ ಬೇಡ. ಒಂದು ಗಡಿಯಾರ, ಒಂದು ಹಾಳೆ, ಒಂದು ಸೀಸದ ಕಡ್ಡಿ ಸಾಕು. ತೆರೆದ ಸ್ಥಳದಲ್ಲಿ ಎರಡು ಗುರುತುಗಳನ್ನು ಆರಿಸಿಕೊಳ್ಳಿರಿ: ಒಂದು ಹುಣಿಸೆಯ ಮರ, ಒಂದು ದೀಪದ ಕಂಬ ಎಂದಿಟ್ಟುಕೊಳ್ಳೋಣ. ಅವುಗಳ ನಡುವಿನ ಅಂತರವನ್ನು ಹೆಜ್ಜೆಯಿಂದ ಅಳೆಯಿರಿ. ಆ ಗೆರೆಯನ್ನು ದಾಟುವ ಚಿಟ್ಟೆಗಳನ್ನು ಹದಿನೈದು ನಿಮಿಷ ಎಣಿಸಿರಿ. ಮೂಡಲಿಗೆ ಹೋದದ್ದು ಬೇರೆ, ಪಡುವಲಿಗೆ ಹೋದದ್ದು ಬೇರೆ ಬರೆಯಿರಿ. ಒಂದು ಚಿಟಿಕೆ ಮಣ್ಣನ್ನು ಎತ್ತರದಿಂದ ಬಿಟ್ಟು ಗಾಳಿಯ ದಿಕ್ಕನ್ನು ತಿಳಿದುಕೊಳ್ಳಿರಿ.

ಲೆಕ್ಕಕ್ಕೆ ಒಂದು ಉದಾಹರಣೆ: ೨೦ ಹೆಜ್ಜೆಯ ಗೆರೆಯನ್ನು ೧೫ ನಿಮಿಷದಲ್ಲಿ ೩೦ ಚಿಟ್ಟೆಗಳು ಒಂದೇ ದಿಕ್ಕಿಗೆ ದಾಟಿದವೆನ್ನಿ. ಗಂಟೆಗೆ ೧೨೦ ಆದವು. ಊರ ಮುಂದಿನ ಬಯಲು ೧೦೦೦ ಹೆಜ್ಜೆ ಅಗಲವಾಗಿದ್ದು ಎಲ್ಲಾ ಕಡೆಯೂ ಹೀಗೆಯೇ ಹೋಗುತ್ತಿದ್ದರೆ, ಅದರ ಐವತ್ತರಷ್ಟು, ಅಂದರೆ ಗಂಟೆಗೆ ೬೦೦೦ ಚಿಟ್ಟೆಗಳು ನಮ್ಮ ಊರನ್ನು ದಾಟಿದವು. ಒಂದು ಗೆರೆಯನ್ನು ನೋಡಿ ಊರೆಲ್ಲಾ ಹಾಗೆಂದು ನಿರ್ಣಯಿಸುವದು ಅವಸರದ ಮಾತಾದ್ದರಿಂದ ಮೂರು ನಾಲ್ಕು ಸ್ಥಳಗಳಲ್ಲಿ ಬೇರೆ ಬೇರೆ ಮಕ್ಕಳನ್ನು ನಿಲ್ಲಿಸಿ ಸರಾಸರಿ ತೆಗೆಯಬೇಕು. ಉಪಾಧ್ಯಾಯರು ಇದನ್ನು ಗಣಿತದ ಪಾಠವಾಗಿಯೂ ನಡಿಸಬಹುದು.

ಹಾಳೆಯಲ್ಲಿ ಇರತಕ್ಕವು: ತಾರೀಖು, ಹೊತ್ತು, ಸ್ಥಳ, ಗಾಳಿಯ ದಿಕ್ಕು, ಚಿಟ್ಟೆಯ ಜಾತಿ, ಎಣಿಕೆ, ಅದು ಹೋದ ದಿಕ್ಕು. ಒಂದೂ ಕಾಣದ ದಿನ ಸೊನ್ನೆ ಎಂದು ಬರೆಯಬೇಕು. ಇದನ್ನು ಒತ್ತಿ ಹೇಳುತ್ತೇವೆ. ಕಂಡ ದಿನಗಳನ್ನು ಮಾತ್ರ ಬರೆದ ಪುಸ್ತಕವು ಬಂದ ಹಣವನ್ನು ಬರೆದು ಖರ್ಚನ್ನು ಬಿಟ್ಟ ಲೆಕ್ಕದಂತೆ ಇರುವದು. ಅದನ್ನು ನಂಬಿ ಯಾವದನ್ನೂ ನಿರ್ಣಯಿಸಕೂಡದು. ಮೊಬೈಲಿನಲ್ಲಿ ಚಿತ್ರ ತೆಗೆಯಬಲ್ಲವರು ಐನ್ಯಾಚುರಲಿಸ್ಟ್, ಬಟರ್‌ಫ್ಲೈಸ್ ಆಫ್ ಇಂಡಿಯಾ ಎಂಬ ಸಾರ್ವಜನಿಕ ಸಂಗ್ರಹಗಳಿಗೆ ಕಳುಹಿಸಿದರೆ ಬಲ್ಲವರು ಜಾತಿಯನ್ನು ನೋಡಿ ಹೇಳುವರು, ಮತ್ತು ಆ ದಾಖಲೆಯು ಮುಂದಿನವರಿಗೂ ಉಳಿಯುವದು.

೬. ದೂರದೇಶದ ಸಾಕ್ಷಿ

ಹಳ್ಳಿಯ ಮಕ್ಕಳು ಇಟ್ಟ ಲೆಕ್ಕದಿಂದ ಏನು ಪ್ರಯೋಜನವೆಂದು ಕೇಳುವವರು ಇದನ್ನು ಓದಲಿ. ಅಮೇರಿಕಾ ಖಂಡದ ಉತ್ತರದಲ್ಲಿ ಮೊನಾರ್ಕ್ ಎಂಬ ಚಿಟ್ಟೆಯಿದೆ. ನಮ್ಮ ಎಕ್ಕೆಯ ಹುಲಿಗೆ ಅದು ದಾಯಾದಿ. ಚಳಿ ಬಂದಾಗ ಅದು ಎಲ್ಲಿಗೆ ಹೋಗುವದೆಂಬದು ವಿದ್ವಾಂಸರಿಗೆ ಬಹುಕಾಲ ತಿಳಿಯದೆ ಇತ್ತು. ಕೆನಡಾ ದೇಶದ ಫ್ರೆಡ್ ಅರ್ಕ್ವಾರ್ಟ್ ಮತ್ತು ಅವರ ಪತ್ನಿ ನೋರಾ ಎಂಬವರು ಚಿಟ್ಟೆಯ ರೆಕ್ಕೆಗೆ ಸಣ್ಣ ಕಾಗದದ ಚೀಟಿಯನ್ನು ಅಂಟಿಸಿ ಬಿಡುವ ಕ್ರಮವನ್ನು ನಡಿಸಿ, ಅನೇಕ ಸಾಮಾನ್ಯ ಜನರನ್ನು ಸಹಾಯಕ್ಕೆ ಕೂಡಿಸಿಕೊಂಡರು. ೧೯೭೫ನೆಯ ಜನವರಿಯಲ್ಲಿ ಅವರ ಸಹಾಯಕರಾದ ಕೆನ್ನೆತ್ ಬ್ರಗರ್ ಮತ್ತು ಕತಲಿನಾ ಅಗ್ವಾದೊ ಎಂಬವರು ಮೆಕ್ಸಿಕೋ ದೇಶದ ಬೆಟ್ಟದ ಮರಗಳಲ್ಲಿ ಲಕ್ಷಗಟ್ಟಲೆ ಚಿಟ್ಟೆಗಳು ಜೋತುಬಿದ್ದಿರುವದನ್ನು ಕಂಡರು. ಆ ಬೆಟ್ಟದ ಹಳ್ಳಿಗಳವರು ಮಾತ್ರ ಇವುಗಳನ್ನು ಮೊದಲಿನಿಂದಲೂ ಬಲ್ಲವರಾಗಿದ್ದರು! ಮರುವರ್ಷ ಅರ್ಕ್ವಾರ್ಟರೇ ಅಲ್ಲಿಗೆ ಹೋದಾಗ ಚೀಟಿಯುಳ್ಳ ಒಂದು ಚಿಟ್ಟೆ ಸಿಕ್ಕಿತು. ಸಾವಿರಾರು ಮೈಲು ದೂರದ ಮಿನ್ನೆಸೋಟ ಪ್ರಾಂತದಲ್ಲಿ ಒಬ್ಬ ಉಪಾಧ್ಯಾಯನೂ ಇಬ್ಬರು ಶಾಲಾಬಾಲಕರೂ ಹಿಂದಿನ ಆಗಸ್ಟಿನಲ್ಲಿ ಆ ಚೀಟಿಯನ್ನು ಅಂಟಿಸಿದ್ದರು. ಹೀಗೆ ದೊಡ್ಡ ಪ್ರಶ್ನೆಯೊಂದಕ್ಕೆ ಸಾಕ್ಷಿ ದೊರಕಿದ್ದು ಮಕ್ಕಳ ಕೈಯಿಂದ. ಮೊನಾರ್ಕ್ ಚಿಟ್ಟೆಯು ಸೂರ್ಯನನ್ನು ನೋಡಿ ದಿಕ್ಕು ಹಿಡಿಯುವದೆಂದೂ, ಹೊತ್ತಿನ ಪ್ರಕಾರ ಸೂರ್ಯನು ಸರಿಯುವದನ್ನು ಲೆಕ್ಕಕ್ಕೆ ತರುವ ಗಡಿಯಾರವು ಅದರ ಕುಡಿಮೀಸೆಗಳಲ್ಲಿ ಇದೆಯೆಂದೂ ಆಮೇಲೆ ಶೋಧಿಸಿದರು.

ನಮ್ಮಲ್ಲಿಯೂ ಇರುವ ಪೇಂಟೆಡ್ ಲೇಡಿಯ ಸಂಗತಿ ಇನ್ನೂ ಆಶ್ಚರ್ಯ. ೨೦೦೯ರಲ್ಲಿ ಇದು ಆಫ್ರಿಕಾದ ಕಡೆಯಿಂದ ಯೂರೋಪಿಗೆ ಬಹು ಸಂಖ್ಯೆಯಲ್ಲಿ ಬಂದಾಗ ಸಾವಿರಾರು ಸಾಮಾನ್ಯ ಜನರು ಲೆಕ್ಕವಿಟ್ಟರು, ವಿದ್ವಾಂಸರು ರಾಡಾರ್ ಯಂತ್ರದಿಂದ ಆಕಾಶವನ್ನು ನೋಡಿದರು. ವಸಂತದಲ್ಲಿ ಸುಮಾರು ೧ ಕೋಟಿ ೧೦ ಲಕ್ಷ ಚಿಟ್ಟೆಗಳು ಬ್ರಿಟನ್ನಿಗೆ ಬಂದು, ಶರತ್ಕಾಲದಲ್ಲಿ ಸುಮಾರು ೨ ಕೋಟಿ ೬೦ ಲಕ್ಷ ತೆಂಕಲಿಗೆ ಹಿಂದಿರುಗಿದವೆಂದು ೨೦೧೨ರಲ್ಲಿ ಪ್ರಕಟವಾಯಿತು. ಅದಕ್ಕೆ ಮುಂಚೆ ಹಿಂದಿರುಗುವ ಚಿಟ್ಟೆಗಳನ್ನು ಜನರು ಕಾಣದೆ, ಬಂದವುಗಳೆಲ್ಲಾ ಅಲ್ಲಿಯೇ ಸತ್ತುಹೋಗುವವೆಂದು ಎಣಿಸಿದ್ದರು. ಅವು ಅರ್ಧ ಕಿಲೋಮೀಟರು ಎತ್ತರದಲ್ಲಿ, ಅನುಕೂಲವಾದ ಗಾಳಿಯನ್ನು ಏರಿ, ಗಂಟೆಗೆ ೪೦ ಕಿಲೋಮೀಟರಿಗೂ ಮೇಲ್ಪಟ್ಟು ಹೋಗುತ್ತಿದ್ದವು. ಕಣ್ಣಿಗೆ ಕಾಣದ್ದು ಇಲ್ಲವೆಂದಾಗಲಿಲ್ಲ. ಇದೇ ಜಾತಿಯ ಕೆಲವು ಚಿಟ್ಟೆಗಳು ೨೦೧೩ರ ಅಕ್ಟೋಬರಿನಲ್ಲಿ ದಕ್ಷಿಣ ಅಮೇರಿಕಾದ ಫ್ರೆಂಚ್ ಗಯಾನಾದ ಕರಾವಳಿಯಲ್ಲಿ ಸಿಕ್ಕಿದವು. ಅವುಗಳ ಮೈಗೆ ಅಂಟಿದ ಪರಾಗವನ್ನೂ ಬೇರೆ ಗುರುತುಗಳನ್ನೂ ಪರೀಕ್ಷಿಸಿ, ಅವು ಪಶ್ಚಿಮ ಆಫ್ರಿಕಾದಿಂದ ೪೨೦೦ ಕಿಲೋಮೀಟರಿನಷ್ಟು ಸಮುದ್ರವನ್ನು ಇಳಿಯದೆ ದಾಟಿ ಬಂದವೆಂದು ೨೦೨೪ರಲ್ಲಿ ಸಿದ್ಧಪಡಿಸಿದರು.

೭. ಹೊಲದ ಬದುವಿನ ಮಾತು

ಈಗ ಒಕ್ಕಲಿಗರಾದ ನಮ್ಮ ಸಹೋದರರಿಗೆ ಹೇಳತಕ್ಕ ಮುಖ್ಯ ಮಾತಿಗೆ ಬಂದೆವು. ಮಾಘ ಫಾಲ್ಗುಣಗಳಲ್ಲಿ ಬಿಳಿಜೋಳ, ಕಡಲೆ, ಕುಸುಬೆಗಳ ರಾಶಿ ಮುಗಿಯುತ್ತಾ ಬಂದಾಗ ಹೊಲವೆಲ್ಲಾ ಬರಿದಾಗುವದು. ಆಗ ಹಸುರು ಉಳಿಯುವದು ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ಹಾದಿಯ ಅಂಚಿನಲ್ಲಿ. ಎಕ್ಕೆ, ತಂಗಡಿ, ಕಕ್ಕೆ, ಮುತ್ತುಗ, ಬೇವು, ಹೊಂಗೆ: ದಾರಿಗನಾದ ಚಿಟ್ಟೆಗೆ ಇವೇ ಅನ್ನವೂ ನೀರೂ ನೆರಳೂ. ಆದರೆ ಇದೇ ದಿನಗಳಲ್ಲಿ ನಾವು ಕೂಳೆಗೆ ಬೆಂಕಿಯಿಡುತ್ತೇವೆ. ಬೆಂಕಿಯು ಹೊಲದಲ್ಲಿ ನಿಲ್ಲದೆ ಬದುವಿಗೆ ಹತ್ತುತ್ತದೆ. ಮೊಟ್ಟೆ, ಹುಳು, ಗೂಡು ಎಲ್ಲಾ ಒಂದೇ ಗಳಿಗೆಯಲ್ಲಿ ಬೂದಿಯಾಗುತ್ತವೆ. ಮೊಟ್ಟೆಯು ಹುಳುವಾಗಿ, ಹುಳುವು ಗೂಡಾಗಿ, ಗೂಡು ಚಿಟ್ಟೆಯಾಗುವದಕ್ಕೆ ಸುಮಾರು ಒಂದು ತಿಂಗಳು ಬೇಕು. ಆ ತಿಂಗಳಲ್ಲಿ ಸುಟ್ಟ ಬದುವಿನಿಂದ ಮೇ ತಿಂಗಳಿಗೆ ಏನೂ ಹಾರುವದಿಲ್ಲ.

ಚಿಟ್ಟೆಯಾದರೂ ಮೊದಲು ಹುಳುವೇ ಅಲ್ಲವೇ, ನಮ್ಮ ತೊಗರಿಯನ್ನು ತಿನ್ನುವದೂ ಹುಳುವೇ ಅಲ್ಲವ? ಎಂದು ಒಬ್ಬ ರೈತನು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ಕಲಬುರಗಿಯು ತೊಗರಿಯ ಕಣಜವೆನಿಸಿಕೊಂಡ ಜಿಲ್ಲೆ. ಕಾಯಿಕೊರಕ ಹುಳುವಿನಿಂದ ಎಷ್ಟೋ ಮನೆಗಳು ಸಾಲಕ್ಕೆ ಬಿದ್ದಿವೆ. ಆದದರಿಂದ ಸ್ಪಷ್ಟವಾಗಿ ಉತ್ತರ ಕೊಡುವೆವು. ಕಾಯಿಕೊರಕವು ಚಿಟ್ಟೆಯ ಹುಳುವಲ್ಲ, ರಾತ್ರಿ ಹಾರುವ ಪತಂಗದ ಹುಳು. ಆ ಪತಂಗವೂ ಗಾಳಿಯನ್ನು ಹಿಡಿದು ದೂರ ದೂರಕ್ಕೆ ವಲಸೆ ಹೋಗತಕ್ಕದ್ದೇ. ಎಕ್ಕೆಯನ್ನು ತಿನ್ನುವ ಹುಳುವು ತೊಗರಿಯನ್ನು ಮುಟ್ಟದು. ತಂಗಡಿ ತಿನ್ನುವದು ಜೋಳವನ್ನು ಮುಟ್ಟದು. ನಿಂಬೆಯ ಎಲೆ ತಿನ್ನುವ ಚಿಟ್ಟೆಹುಳುವಿನಂಥವು ಕೆಲವು ಉಂಟು, ಅದನ್ನು ಮರೆಮಾಡುವದಿಲ್ಲ. ಅವುಗಳನ್ನು ಕೈಯಿಂದ ಆರಿಸಿ ತೆಗೆಯಬಹುದು. ಕಳ್ಳನೊಬ್ಬನು ದಾರಿಯಲ್ಲಿ ಬಂದನೆಂದು ದಾರಿಗರನ್ನೆಲ್ಲಾ ಹೊಡೆಯುವದು ನ್ಯಾಯವೋ?

ಇದಲ್ಲದೆ ಬದುವಿನಲ್ಲಿ ನಮ್ಮ ಪಕ್ಷದವರೂ ವಾಸವಾಗಿದ್ದಾರೆ. ಟ್ರೈಕೋಗ್ರಾಮ ಎಂಬ ಸಾಸಿವೆಗಿಂತ ಚಿಕ್ಕದಾದ ಕಣಜವು ಪತಂಗಗಳ ಮೊಟ್ಟೆಯೊಳಗೆ ತನ್ನ ಮೊಟ್ಟೆಯನ್ನಿಟ್ಟು ಅವುಗಳನ್ನು ಹಾಳುಮಾಡುವದು. ಕಾಜಾಣ, ಗೊರವಂಕ ಮೊದಲಾದ ಹಕ್ಕಿಗಳು ಹುಳುಗಳನ್ನು ಆರಿಸಿ ತಿನ್ನುವವು. ತೊಗರಿಯ ಹೂವಿಗೆ ಬರುವ ಜೇನುನೊಣವು ಬೇರೆ ದಿನಗಳಲ್ಲಿ ಬದುವಿನ ಹೂವಿನಿಂದಲೇ ಬದುಕುವದು. ತೊಗರಿಯಿಲ್ಲದ ತಿಂಗಳುಗಳಲ್ಲಿ ಇವರನ್ನೆಲ್ಲಾ ಸಾಕುವದು ಬದು. ಬದುವನ್ನು ಸುಟ್ಟವನು ಶತ್ರುವಿನ ಮನೆಯನ್ನಲ್ಲ, ಕಾವಲುಗಾರನ ಗುಡಿಸಲನ್ನೇ ಸುಟ್ಟನು.

ಹಾಗಾದರೆ ಹುಳುವಿಗೆ ಏನೂ ಮಾಡಬಾರದೋ? ಮಾಡಲೇಬೇಕು. ತೊಗರಿಯ ಗಿಡವನ್ನು ಅಲುಗಾಡಿಸಿ, ಕೆಳಗೆ ಹಾಸಿದ ಬಟ್ಟೆಯಲ್ಲಿ ಬಿದ್ದ ಹುಳುಗಳನ್ನು ಕೂಡಿಸಿ ಕೊಲ್ಲುವ ಪದ್ಧತಿಯು ಈ ಜಿಲ್ಲೆಯಲ್ಲಿ ಹಿರಿಯರಿಂದ ಬಂದದ್ದು. ಬೇವಿನ ಬೀಜದ ಕಷಾಯ, ಗಂಡು ಪತಂಗವನ್ನು ಸೆಳೆಯುವ ಮೋಹಕ ಬಲೆ, ಹಕ್ಕಿ ಕುಳ್ಳಿರುವದಕ್ಕೆ ನೆಟ್ಟ ಕವಲುಕೋಲು, ಇವುಗಳನ್ನು ಕೃಷಿಯ ಅಧಿಕಾರಿಗಳೂ ಹೇಳಿಕೊಡುತ್ತಾರೆ. ವಿಷದ ಔಷಧಿಯನ್ನು ಹೊಡೆಯಲೇಬೇಕಾದ ದಿನ ಬಂದರೂ ಪೈರಿಗೆ ಮಾತ್ರ ಹೊಡೆಯಿರಿ, ಉಳಿದದ್ದನ್ನು ಬದುವಿನ ಮೇಲೆ ಚೆಲ್ಲಬೇಡಿರಿ. ಕೂಳೆಯನ್ನು ಸುಡದೆ ಮಣ್ಣಿಗೆ ಸೇರಿಸಿದರೆ ನೆಲಕ್ಕೂ ಸಾರ ಬರುವದು.

ನಮ್ಮ ಬಿನ್ನಹವು ಇಷ್ಟೇ. ಪ್ರತಿಯೊಬ್ಬ ಒಕ್ಕಲಿಗನು ಈ ವರ್ಷ ತನ್ನ ಹೊಲದ ಒಂದು ಬದುವನ್ನಾದರೂ ಬೆಂಕಿಗೂ ಕುಡುಗೋಲಿಗೂ ಔಷಧಿಗೂ ಕೊಡದೆ ಮುಂಗಾರಿನ ತನಕ ಬಿಡಲಿ. ಹೊಲವಿಲ್ಲದವರು ಮನೆಯ ಹಿಂದೆ ಒಂದು ಕಣಗಿಲವನ್ನು ನೆಡಲಿ. ಅದರ ಎಲೆ ವಿಷವಾದದ್ದರಿಂದ ಮಕ್ಕಳೂ ದನಗಳೂ ಬಾಯಿಗೆ ಹಾಕದಂತೆ ಎಚ್ಚರವಾಗಿರಲಿ. ಊರಿನ ಶಾಲೆಯವರು ಅದೇ ಬದುವಿನ ಬಳಿಯಲ್ಲಿ ನಿಂತು ಎಣಿಸಲಿ. ಸುಟ್ಟ ಬದುವಿನ ಬಳಿಯಲ್ಲಿಯೂ ಎಣಿಸಲಿ. ಎರಡು ಹಾಳೆಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ನಾವು ಬರೆದ ಮಾತಿಗಿಂತ ನಿಮ್ಮ ಸ್ವಂತ ಲೆಕ್ಕವೇ ನಿಮಗೆ ಬಲವಾದ ಸಾಕ್ಷಿಯಾಗುವದು.

ಪಾಠವನ್ನು ಕಲಿತವರಿಗೆ ಪ್ರಶ್ನೆಗಳು

೧. ಹೂವು ಹುಡುಕುವ ಚಿಟ್ಟೆಗೂ ವಲಸೆ ಹೋಗುವ ಚಿಟ್ಟೆಗೂ ಭೇದವನ್ನು ಹೇಗೆ ತಿಳಿಯುವಿರಿ?
೨. ನೀಲಿ ಹುಲಿಯು ಘಟ್ಟವನ್ನು ಬಿಟ್ಟು ಮೂಡಲಿಗೆ ಹೊರಡುವದು ಯಾವ ತಿಂಗಳುಗಳಲ್ಲಿ, ಯಾವ ಕಾರಣದಿಂದ?
೩. ನಿಮ್ಮ ಊರಿನಲ್ಲಿ ಎಕ್ಕೆ, ತಂಗಡಿ, ಕಣಗಿಲ ಎಲ್ಲೆಲ್ಲಿ ಇವೆ? ಅವುಗಳ ಎಲೆಯ ಅಡಿಯಲ್ಲಿ ಏನು ಕಂಡಿರಿ?
೪. ೨೫ ಹೆಜ್ಜೆಯ ಗೆರೆಯನ್ನು ೧೦ ನಿಮಿಷದಲ್ಲಿ ೧೫ ಚಿಟ್ಟೆಗಳು ದಾಟಿದರೆ, ೫೦೦ ಹೆಜ್ಜೆಯ ಬಯಲನ್ನು ಒಂದು ಗಂಟೆಯಲ್ಲಿ ಎಷ್ಟು ದಾಟುವವು?
೫. ಒಂದೂ ಕಾಣದ ದಿನವನ್ನು ಪುಸ್ತಕದಲ್ಲಿ ಬರೆಯಬೇಕಾದದ್ದೇಕೆ?
೬. ಕಾಯಿಕೊರಕದ ಮೇಲಣ ಕೋಪದಿಂದ ಬದುವನ್ನು ಸುಡುವವನು ಯಾರಿಗೆ ನಷ್ಟ ಮಾಡುತ್ತಾನೆ? ಮನೆಯಲ್ಲಿ ಹಿರಿಯರ ಸಂಗಡ ಮಾತಾಡಿ ಉತ್ತರ ಬರೆಯಿರಿ.